ನಿನ್ನೆ ಸರಿಯಿದ್ದ ದೂರದರ್ಶಕವನ್ನು ಇಂದು ಮತ್ತೆ ಪರೀಕ್ಷಿಸುವುದೇಕೆ?

ಪ್ರಶ್ನೆ: ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ನಮ್ಮ ವಿಭಾಗದ ತಾರಸಿಯ ಮೇಲೆ ಎಂಟು ಇಂಚಿನ, ಎಫ್/10 ದೂರದರ್ಶಕವಿದೆ. ತಂಪುಗೊಳಿಸುವ ಘಟಕವಿರುವ ಸಿಮಾಸ್ (ಸಿಎಂಒಎಸ್ ಬಗೆಯ ಸಂವೇದಕದ) ಕ್ಯಾಮೆರಾ ಒಂದನ್ನು ಅದಕ್ಕೆ ಜೋಡಿಸಿದ್ದೇವೆ. ದೊಡ್ಡ ವೀಕ್ಷಣಾಲಯಗಳಲ್ಲಿ ಪ್ರತಿದಿನ ಹಗಲಿನಲ್ಲೇ ಮುಚ್ಚಳ ಮುಚ್ಚಿ ಕತ್ತಲೆಯ ಚಿತ್ರ, ದೀಪದ ಚಿತ್ರ ತೆಗೆದು ಉಪಕರಣವನ್ನು ಪರೀಕ್ಷಿಸುತ್ತಾರೆಂದು ಓದಿದೆ. ನಿನ್ನೆ ರಾತ್ರಿ ಸರಿಯಾಗಿ ಕೆಲಸ ಮಾಡಿದ ಉಪಕರಣ ಇಂದು ಸಂಜೆಯೊಳಗೆ ಕೆಡುವಂಥದ್ದು ಏನಿದೆ? ವಿದ್ಯಾರ್ಥಿಗಳು ಇದನ್ನು ವೃಥಾ ಕಾಲಹರಣ ಎನ್ನುತ್ತಾರೆ. ನಮ್ಮಂಥ ಸಣ್ಣ ವ್ಯವಸ್ಥೆಗೂ ಇದು ಬೇಕೇ? ಬೇಕಿದ್ದರೆ ಏನನ್ನು, ಎಷ್ಟರಮಟ್ಟಿಗೆ ಮಾಡಬೇಕು?

ಉತ್ತರ: ಬೇಕು ಮೇಡಂ, ಆದರೆ ದೊಡ್ಡ ವೀಕ್ಷಣಾಲಯದಲ್ಲಿ ಮಾಡುವುದನ್ನೆಲ್ಲ ನೀವು ಮಾಡಬೇಕಾಗಿಲ್ಲ, ಸಂಜೆ ಅರ್ಧ ಗಂಟೆ ಮೀಸಲಿಟ್ಟರೆ ಸಾಕು. ನಿಮ್ಮ ವಿದ್ಯಾರ್ಥಿಗಳ ಆಕ್ಷೇಪದಲ್ಲಿ ಒಂದಿಷ್ಟು ನ್ಯಾಯವೂ ಇದೆ. ಉಪಕರಣ ನಿಜವಾಗಿ ಕೆಟ್ಟರೆ ಅದನ್ನು ತಿಳಿಯಲು ಪರೀಕ್ಷೆಯೇನೂ ಬೇಡ. ಚಿತ್ರವೇ ಬರುವುದಿಲ್ಲ, ಇಲ್ಲವೇ ಬಂದ ಚಿತ್ರವನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ತೊಂದರೆ ಕೊಡುವುದು ಕೆಡದೆಯೇ ಬದಲಾಗುವ ಉಪಕರಣ. ತಂಪುಗೊಳಿಸುವ ಘಟಕ ಎರಡು ಡಿಗ್ರಿ ಹಿಂದೆ ಬಿದ್ದಿರುತ್ತದೆ, ಫಿಲ್ಟರಿನ ಮೇಲೆ ಹೊಸದೊಂದು ಧೂಳಿನ ಕಣ ಬಂದು ಕುಳಿತಿರುತ್ತದೆ, ತಂತ್ರಾಂಶವನ್ನು ಹೊಸದಾಗಿ ಹಾಕಿಕೊಂಡಾಗ ಕ್ಯಾಮೆರಾದ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹಳೆಯ ಅಂಕಿಯನ್ನು ಬಿಟ್ಟು ಬೇರೆಲ್ಲೋ ನಿಂತಿರುತ್ತದೆ. ನಕ್ಷತ್ರಗಳ ಚಿತ್ರ ಮಾತ್ರ ಎಂದಿನಂತೆ ಚೆನ್ನಾಗಿಯೇ ಕಾಣುತ್ತದೆ. ಆ ಚಿತ್ರದಿಂದ ನಕ್ಷತ್ರದ ಹೊಳಪನ್ನು ಅಳೆಯಲು ಕುಳಿತಾಗ, ಉಪಕರಣದಲ್ಲಿ ಆದ ಬದಲಾವಣೆಯನ್ನೇ ಆಕಾಶದಲ್ಲಿ ಆದದ್ದೆಂದು ನಂಬಿಬಿಡುವ ಅಪಾಯವಿರುತ್ತದೆ.

ಇದು ಹೊಸಬರಿಗೆ ಮಾತ್ರ ಆಗುವ ಮೋಸವಲ್ಲ. 1960ರ ದಶಕದ ಮೊದಲಲ್ಲಿ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ತೆಗೆದ ಕೆಲವು ಕುಬ್ಜ ನಕ್ಷತ್ರಗಳ ರೋಹಿತದಲ್ಲಿ (ಬಣ್ಣಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ) ಪೊಟ್ಯಾಸಿಯಂ ಧಾತುವಿನ ಉಜ್ವಲ ರೇಖೆಗಳು ಕಾಣಿಸಿಕೊಂಡವು. ಸ್ವಲ್ಪ ಹೊತ್ತು ಹೊಳೆದು ಮರೆಯಾದ ಈ ರೇಖೆಗಳನ್ನು ನಕ್ಷತ್ರದಲ್ಲಿ ನಡೆದ ಹೊಸ ಬಗೆಯ ಸ್ಫೋಟವೆಂದು ಬಗೆದು ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರಕಟಿಸಿದ್ದೂ ಆಯಿತು. ಕಡೆಗೆ 1967ರಲ್ಲಿ ಕ್ಯಾಲಿಫೋರ್ನಿಯಾದ ಖಗೋಳಜ್ಞರು ಅಂಥದೇ ರೇಖೆಗಳನ್ನು ಬೆಂಕಿಕಡ್ಡಿ ಗೀರಿ ತರಿಸಿ ತೋರಿಸಿದರು. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಕತ್ತಲೆಯಲ್ಲಿ ಯಾರೋ ಸಿಗರೇಟು ಹಚ್ಚಿಕೊಂಡ ಬೆಳಕು ರೋಹಿತದರ್ಶಕದೊಳಗೆ ನುಸುಳಿತ್ತು. ಹೊರಗಿನ ಬೆಳಕು ಉಪಕರಣದೊಳಗೆ ಸೋರುತ್ತದೆಯೇ ಎಂಬ ಪರೀಕ್ಷೆ ಇಂದು ಪರೀಕ್ಷೆಗಳ ಪಟ್ಟಿಯಲ್ಲಿ ಏಕಿರಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲು ಈ ಒಂದು ಪ್ರಸಂಗ ಸಾಕು.

ದೊಡ್ಡ ವೀಕ್ಷಣಾಲಯಗಳ ಕ್ರಮವನ್ನು ಮೊದಲು ಸಂಕ್ಷೇಪವಾಗಿ ಹೇಳುತ್ತೇನೆ. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ವೀಕ್ಷಕ ಉಪಕರಣದ ಬಳಿ ಇಲ್ಲದಿರುವಾಗ ಅದರ ಸ್ಥಿತಿ ಅವನಿಗೆ ತಿಳಿಯುವುದು ಅಂಕಿಗಳಿಂದ ಮಾತ್ರ. ದೊಡ್ಡ ಕ್ಯಾಮೆರಾಗಳ ಸಿಸಿಡಿ ಎಂಬ ಬಗೆಯ ಸಂವೇದಕವನ್ನು ನಿರ್ವಾತ ಪಾತ್ರೆಯೊಂದರಲ್ಲಿ ಇರಿಸಿ, ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದ ಸಹಾಯದಿಂದ ಸಾಮಾನ್ಯವಾಗಿ ಮೈನಸ್ 100 ಡಿಗ್ರಿಯ ಆಸುಪಾಸಿಗೆ ತಂಪುಗೊಳಿಸುತ್ತಾರೆ. ಆದ್ದರಿಂದ ಅಲ್ಲಿ ದಿನದ ಮೊದಲ ಕೆಲಸವೆಂದರೆ ಸಾರಜನಕ ತುಂಬುವುದು, ಪಾತ್ರೆಯೊಳಗಿನ ಒತ್ತಡವನ್ನೂ ಸಂವೇದಕದ ಉಷ್ಣತೆಯನ್ನೂ ಬರೆದಿಡುವುದು. ಒಮ್ಮೆ ತುಂಬಿದ ಸಾರಜನಕ ಎಷ್ಟು ಗಂಟೆ ಬರುತ್ತದೆ ಎಂಬುದನ್ನೂ ಗಮನಿಸುತ್ತಿರುತ್ತಾರೆ. ಆ ಅವಧಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದರೆ ನಿರ್ವಾತ ಸೋರುತ್ತಿದೆಯೆಂದೇ ಅರ್ಥ. ಅದನ್ನು ಅಲಕ್ಷಿಸಿದರೆ ಇನ್ನು ಕೆಲವು ದಿನಗಳಲ್ಲಿ ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಇದಾದ ಮೇಲೆ ಫಿಲ್ಟರ್ ಚಕ್ರ, ರೋಹಿತದರ್ಶಕಕ್ಕೆ ಬೆಳಕು ಬಿಡುವ ಸೀಳುಗಂಡಿ, ಶಟರ್ ಮುಂತಾದ ಚಲಿಸುವ ಭಾಗಗಳನ್ನು ಒಂದೊಂದಾಗಿ ಆಡಿಸಿ, ಕೇಳಿದ ಜಾಗಕ್ಕೇ ಬಂದು ನಿಲ್ಲುತ್ತವೆಯೇ ಎಂದು ನೋಡುತ್ತಾರೆ. ಚಿತ್ರಗಳ ಸರದಿ ಆಮೇಲಿನದು.

ಆ ಚಿತ್ರಗಳಲ್ಲಿ ಮೊದಲನೆಯದಕ್ಕೆ ಬಯಸ್ ಎಂದು ಹೆಸರು. ಶಟರ್ ತೆರೆಯದೆ, ಕ್ಯಾಮೆರಾಕ್ಕೆ ಸಾಧ್ಯವಿರುವ ಅತಿ ಕಡಿಮೆ ಅವಧಿಯಲ್ಲಿ ತೆಗೆಯುವ ಈ ಚಿತ್ರದಲ್ಲಿ ನೋಡಲು ಏನೂ ಇರುವುದಿಲ್ಲ, ಆದರೆ ಅಂಕಿ ಸೊನ್ನೆಯಾಗಿರುವುದಿಲ್ಲ. ಗದ್ದಲದಿಂದಾಗಿ, ಅಂದರೆ ಓದುವಾಗ ಅಂಕಿಗಳಲ್ಲಿ ಆಗುವ ಗೊತ್ತುಗುರಿಯಿಲ್ಲದ ಏರಿಳಿತದಿಂದಾಗಿ, ಅಂಕಿಗಳು ಸೊನ್ನೆಗಿಂತ ಕೆಳಗೆ ಇಳಿದು ನಷ್ಟವಾಗದಿರಲೆಂದು ಕ್ಯಾಮೆರಾದ ಇಲೆಕ್ಟ್ರಾನಿಕ್ಸ್ ಪ್ರತಿ ಪಿಕ್ಸೆಲ್ಲಿಗೂ ಒಂದು ನಿಗದಿತ ಮೊತ್ತವನ್ನು ತಾನೇ ಸೇರಿಸಿರುತ್ತದೆ. ನಿಮ್ಮ ಊರಿನ ಎಪಿಎಂಸಿಗೆ ಮೆಕ್ಕೆಜೋಳ ಹೇರಿಕೊಂಡು ಬರುವ ಲಾರಿಯನ್ನು ವೇಬ್ರಿಡ್ಜಿನಲ್ಲಿ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗುತ್ತಾರಲ್ಲ, ಬಯಸ್ ಎಂಬುದು ಆ ಖಾಲಿ ಲಾರಿಯ ತೂಕ. ಕಳೆದ ವರ್ಷದ ಚೀಟಿಯಲ್ಲಿದ್ದ ಖಾಲಿ ತೂಕವನ್ನೇ ಈ ವರ್ಷವೂ ಕಳೆದರೆ ವ್ಯಾಪಾರಿ ಒಪ್ಪುವುದಿಲ್ಲ. ನಕ್ಷತ್ರದ ಬೆಳಕಿನ ಲೆಕ್ಕದಲ್ಲೂ ಒಪ್ಪಬಾರದು. ಮಂಕು ನಕ್ಷತ್ರವೊಂದರ ಅಂಚಿನ ಪಿಕ್ಸೆಲ್ಲುಗಳಲ್ಲಿ ಆಕಾಶದ ಹಿನ್ನೆಲೆಗಿಂತ ಹತ್ತು ಹದಿನೈದು ಅಂಕಿಯಷ್ಟೇ ಹೆಚ್ಚು ಬೆಳಕಿರುವಾಗ, ಬಯಸ್ಸಿನಲ್ಲಿ ಮೂರು ಅಂಕಿ ಅತ್ತಿತ್ತ ಆದರೂ ಅದು ದೊಡ್ಡ ವ್ಯತ್ಯಾಸವೇ.

ಬಯಸ್ ಚಿತ್ರದ ಸರಾಸರಿ ಒಂದು ಸಂಖ್ಯೆಯಾದರೆ, ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಖ್ಯೆ ಓದುವಿಕೆಯ ಗದ್ದಲ. ಇಂಗ್ಲಿಷಿನಲ್ಲಿ ಓದಿದವರು ರೀಡ್ ನಾಯ್ಸ್ ಎನ್ನುತ್ತಾರೆ. ಇದನ್ನು ಒಂದೇ ಚಿತ್ರದಿಂದ ಲೆಕ್ಕ ಹಾಕಬಾರದು, ಏಕೆಂದರೆ ಸಂವೇದಕದಲ್ಲಿ ಹುಟ್ಟಿನಿಂದಲೇ ಇರುವ ಏರುತಗ್ಗುಗಳೂ ಗದ್ದಲದೊಂದಿಗೆ ಬೆರೆತುಬಿಡುತ್ತವೆ. ಬೆನ್ನುಬೆನ್ನಿಗೆ ಎರಡು ಬಯಸ್ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಶಾಶ್ವತವಾದ ಏರುತಗ್ಗುಗಳು ಪರಸ್ಪರ ಹೊಡೆದುಹೋಗುತ್ತವೆ. ಉಳಿದ ಚಿತ್ರದ ಮಾನಕ ವಿಚಲನೆಯನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು) ಎರಡರ ವರ್ಗಮೂಲದಿಂದ, ಅಂದರೆ 1.414ರಿಂದ ಭಾಗಿಸಿದರೆ ಒಂದು ಚಿತ್ರದ ಓದುವಿಕೆಯ ಗದ್ದಲ ಸಿಗುತ್ತದೆ. ಎರಡನೇ ವರ್ಷದ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಮಾಡಬಹುದಾದ ಲೆಕ್ಕ ಇದು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ದೋಷ ವಿಶ್ಲೇಷಣೆ ಎಂಬ ತಲೆಬರಹದ ಕೆಳಗೆ ಯಾಂತ್ರಿಕವಾಗಿ ಬರೆಯುವ ಸೂತ್ರಗಳಿಗೆ ಇದರಿಂದ ನಿಜವಾದ ಬಳಕೆ ಸಿಕ್ಕಂತೆಯೂ ಆಗುತ್ತದೆ.

ಸಂಖ್ಯೆಗಳನ್ನು ಬರೆದುಕೊಂಡ ಮೇಲೆ, ಕಳೆದು ಉಳಿದ ಆ ಚಿತ್ರವನ್ನು ತೆರೆದು, ಅದರ ಕಪ್ಪುಬಿಳುಪಿನ ವ್ಯಾಪ್ತಿಯನ್ನು ಸರಾಸರಿಯ ಸುತ್ತ ಹತ್ತಿಪ್ಪತ್ತು ಅಂಕಿಗೆ ಬಿಗಿಗೊಳಿಸಿ ಕಣ್ಣಾರೆ ನೋಡುವುದನ್ನು ಬಿಡಬೇಡಿ. ಆರೋಗ್ಯವಾಗಿರುವ ಕ್ಯಾಮೆರಾದಲ್ಲಿ ಅದು ಬರಿಯ ಮರಳು ಚೆಲ್ಲಿದಂತೆ ಇರುತ್ತದೆ, ಎಲ್ಲಿಯೂ ವಿನ್ಯಾಸವಿರುವುದಿಲ್ಲ. ಓರೆಯಾಗಿ ಸಾಗುವ ಪಟ್ಟೆಗಳು ಕಂಡರೆ ಹೊರಗಿನ ವಿದ್ಯುತ್ ಏರಿಳಿತವೊಂದು ಕ್ಯಾಮೆರಾದೊಳಗೆ ಬೆರೆಯುತ್ತಿದೆಯೆಂದು ತಿಳಿಯಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಇದರ ಮೂಲ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಯಾರೋ ಸಿಕ್ಕಿಸಿದ ಮೊಬೈಲ್ ಚಾರ್ಜರ್, ಇಲ್ಲವೇ ಭೂಸಂಪರ್ಕ ಸರಿಯಿಲ್ಲದ ಅಡಾಪ್ಟರ್. ಸಾಧನಗಳನ್ನು ಒಂದೊಂದಾಗಿ ಬಿಚ್ಚುತ್ತ ಪ್ರತಿ ಸಲವೂ ಎರಡೆರಡು ಬಯಸ್ ತೆಗೆದರೆ ಅಪರಾಧಿ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಮುನ್ನೂರು ಸೆಕೆಂಡಿನ ನೀಹಾರಿಕೆಯ ಚಿತ್ರದಲ್ಲಿ ಇದೇ ಪಟ್ಟೆಗಳು ಅಡಗಿ ಕುಳಿತಿದ್ದರೆ ಕಂಡುಹಿಡಿಯುವುದು ಬಹಳ ಕಷ್ಟ.

ಎರಡನೆಯದು ಡಾರ್ಕ್, ಅಂದರೆ ಮುಚ್ಚಳ ಮುಚ್ಚಿ ದೀರ್ಘ ಅವಧಿಗೆ ತೆಗೆಯುವ ಚಿತ್ರ. ಬೆಳಕೇ ಬೀಳದಿದ್ದರೂ ಸಿಲಿಕಾನಿನಲ್ಲಿ ಶಾಖದಿಂದ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಮತ್ತು ಉಷ್ಣತೆ ಸುಮಾರು ಆರೇಳು ಡಿಗ್ರಿ ಏರಿದಾಗಲೆಲ್ಲ ಇವುಗಳ ಪ್ರಮಾಣ ಇಮ್ಮಡಿಯಾಗುತ್ತದೆ. ಹತ್ತು ಡಿಗ್ರಿ ಏರಿದರೆ ಹೆಚ್ಚು ಕಡಿಮೆ ಮೂರು ಪಟ್ಟು. ನಮ್ಮ ಜಿಲ್ಲೆಗಳಲ್ಲಿ ಈ ವಿಷಯಕ್ಕೆ ಹೊರದೇಶದ ಕೈಪಿಡಿಗಳು ಕೊಡುವುದಕ್ಕಿಂತ ಹೆಚ್ಚಿನ ಗಮನ ಕೊಡಬೇಕು. ನಿಮ್ಮಲ್ಲಿರುವಂಥ ಕ್ಯಾಮೆರಾಗಳು ಸುತ್ತಲಿನ ಗಾಳಿಗಿಂತ ಸುಮಾರು ಮೂವತ್ತೈದು ಡಿಗ್ರಿ ಕೆಳಗೆ ಇಳಿಯಬಲ್ಲವು, ಅದಕ್ಕಿಂತ ಹೆಚ್ಚಲ್ಲ. ಡಿಸೆಂಬರಿನ ರಾತ್ರಿ ಗಾಳಿ 18 ಡಿಗ್ರಿ ಇರುವಾಗ ಮೈನಸ್ 10 ಸುಲಭವಾಗಿ ಸಿಗುತ್ತದೆ. ಏಪ್ರಿಲಿನಲ್ಲಿ ಹಗಲೆಲ್ಲ ಕಾದ ತಾರಸಿಯ ಮೇಲೆ ಸಂಜೆ ಏಳಕ್ಕೂ ಗಾಳಿ 33 ಡಿಗ್ರಿ ಇದ್ದರೆ ಅದೇ ಮೈನಸ್ 10 ಅಸಾಧ್ಯ. ತಂತ್ರಾಂಶ ಮಾತ್ರ ನೀವು ಕೇಳಿದ ಅಂಕಿಯನ್ನೇ ಒಂದು ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದೆ, ನಿಜವಾದ ಉಷ್ಣತೆಯ ಅಂಕಿ ಇನ್ನೊಂದು ಮೂಲೆಯಲ್ಲಿರುತ್ತದೆ. ನೋಡಬೇಕಾದದ್ದು ಈ ಎರಡನೆಯದನ್ನು. ಅದರ ಜೊತೆಗೆ ತಂಪುಗೊಳಿಸುವ ಘಟಕ ಬಳಸುತ್ತಿರುವ ಶಕ್ತಿಯ ಶೇಕಡಾವಾರನ್ನೂ ನೋಡಬೇಕು. ಅದು ನೂರರಲ್ಲಿ ನಿಂತಿದ್ದರೆ ಉಷ್ಣತೆ ನಿಮ್ಮ ಹಿಡಿತದಲ್ಲಿಲ್ಲ, ಗಾಳಿಯ ಹಿಡಿತದಲ್ಲಿದೆ.

ನನ್ನ ಸಲಹೆ ಇದು: ಬೇಸಿಗೆಯ ತಿಂಗಳುಗಳಿಗೆ 5 ಡಿಗ್ರಿ, ಉಳಿದ ತಿಂಗಳುಗಳಿಗೆ ಮೈನಸ್ 5 ಡಿಗ್ರಿ ಎಂದು ಎರಡೇ ಉಷ್ಣತೆಗಳನ್ನು ಗೊತ್ತುಮಾಡಿಕೊಂಡು, ಎರಡಕ್ಕೂ ಪ್ರತ್ಯೇಕವಾಗಿ ಡಾರ್ಕ್ ಚಿತ್ರಗಳ ಸಂಗ್ರಹವನ್ನು ಮಾಡಿಟ್ಟುಕೊಳ್ಳಿ, ನಡುವಿನ ಯಾವ ಅಂಕಿಯನ್ನೂ ಬಳಸಬೇಡಿ. ಇನ್ನೂ ಎರಡು ಡಿಗ್ರಿ ತಂಪಾದರೆ ಚಿತ್ರ ಇನ್ನಷ್ಟು ಚೆನ್ನಾಗಿರುತ್ತದೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಳತೆಯ ಕೆಲಸದಲ್ಲಿ ಅತಿ ತಂಪಾದ ಸಂವೇದಕಕ್ಕಿಂತ ದಿನವೂ ಒಂದೇ ಉಷ್ಣತೆಯಲ್ಲಿರುವ ಸಂವೇದಕ ಹೆಚ್ಚು ಉಪಯುಕ್ತ.

ಡಾರ್ಕ್ ತೆಗೆಯುವ ಹೊತ್ತಿನಲ್ಲೇ ಬೆಳಕಿನ ಸೋರಿಕೆಯ ಪರೀಕ್ಷೆಯನ್ನೂ ಮುಗಿಸಬಹುದು. ಮುನ್ನೂರು ಸೆಕೆಂಡಿನ ಡಾರ್ಕ್ ಒಂದನ್ನು ಕೋಣೆಯ ದೀಪ ಆರಿಸಿ, ಇನ್ನೊಂದನ್ನು ದೀಪ ಹಚ್ಚಿ ತೆಗೆದು ಎರಡರ ಸರಾಸರಿಯನ್ನು ಹೋಲಿಸಿ. ಎರಡನೆಯದು ಹೆಚ್ಚಾಗಿದ್ದರೆ ಟಾರ್ಚ್ ಹಿಡಿದು ಫಿಲ್ಟರ್ ಚಕ್ರದ ಕೀಲು, ಅಡಾಪ್ಟರಿನ ತಿರುಪು, ಫೋಕಸರಿನ ಸಂದುಗಳ ಸುತ್ತ ಬೆಳಕು ಬಿಡುತ್ತ ಮತ್ತೆ ಚಿತ್ರ ತೆಗೆದರೆ ಯಾವ ಸಂದಿನಿಂದ ಬೆಳಕು ಬರುತ್ತಿದೆಯೆಂದು ಗೊತ್ತಾಗುತ್ತದೆ. ಅಲ್ಲಿ ಕಪ್ಪು ಟೇಪು ಸುತ್ತಿದರೆ ಮುಗಿಯಿತು. ತಾರಸಿಯ ಮೇಲಿನ ಯುಪಿಎಸ್, ಯುಎಸ್‌ಬಿ ಹಬ್ ಇವುಗಳ ಮೇಲೆ ಮಿಣುಕುವ ಸಣ್ಣ ಎಲ್‌ಇಡಿಗಳನ್ನೂ ಮರೆಯಬೇಡಿ. ಇದನ್ನು ಪ್ರತಿದಿನ ಮಾಡಬೇಕಿಲ್ಲ. ಯಾವುದಾದರೂ ಭಾಗವನ್ನು ಬಿಚ್ಚಿ ಜೋಡಿಸಿದ ದಿನ ಮಾತ್ರ ತಪ್ಪಿಸಬಾರದು.

ಮೂರನೆಯದು ಫ್ಲಾಟ್. ಸಮನಾಗಿ ಬೆಳಗಿದ ಬಿಳಿ ಹಲಗೆಯನ್ನೋ ಸಂಜೆಯ ಆಕಾಶವನ್ನೋ ನೋಡಿ ತೆಗೆಯುವ ಈ ಚಿತ್ರ, ಸಂವೇದಕದ ಯಾವ ಭಾಗಕ್ಕೆ ಬೆಳಕು ಕಡಿಮೆ ತಲುಪುತ್ತಿದೆಯೆಂದು ತಿಳಿಸುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದರ ಮಹತ್ವವನ್ನು ಮನದಟ್ಟು ಮಾಡಿಸಲು ಒಂದು ಉದಾಹರಣೆ ಹೇಳುತ್ತೇನೆ. 2005ರಲ್ಲಿ ಪತ್ತೆಯಾದ ಎಚ್‌ಡಿ 189733 ಬಿ ಎಂಬ ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಸುಮಾರು 2.4 ಶೇಕಡ ಕುಗ್ಗುತ್ತದೆ. ಎಂಟು ಇಂಚಿನ ದೂರದರ್ಶಕದಿಂದ ಅಳೆಯಬಹುದಾದ ಕುಸಿತ ಇದು, ಕಾಲೇಜಿನ ಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತೋಚುವುದಿಲ್ಲ. ಈಗ ಯೋಚಿಸಿ: ಫಿಲ್ಟರಿನ ಮೇಲೆ ಕುಳಿತ ಧೂಳಿನ ಕಣವೊಂದರ ನೆರಳೂ ಒಂದೆರಡು ಶೇಕಡ ಬೆಳಕನ್ನು ತಡೆಯಬಲ್ಲದು. ದೂರದರ್ಶಕ ನಕ್ಷತ್ರವನ್ನು ಹಿಂಬಾಲಿಸುವಾಗ ಕೊಂಚಕೊಂಚವೇ ಜಾರಿ, ಮೂರು ಗಂಟೆಗಳಲ್ಲಿ ನಕ್ಷತ್ರದ ಬಿಂಬ ಆ ನೆರಳಿನ ಒಳಹೊಕ್ಕು ಹೊರಬಂದರೆ, ಗ್ರಹವೇ ಇಲ್ಲದ ಕಡೆ ಗ್ರಹವೊಂದು ಹಾದುಹೋದಂತೆ ನಕ್ಷೆ ಬರುತ್ತದೆ. ಧೂಳು ಬೀಳುವ ಮೊದಲು ತೆಗೆದ ಫ್ಲಾಟಿನಿಂದ ಇದನ್ನು ಸರಿಪಡಿಸಲಾಗುವುದಿಲ್ಲ.

ಧೂಳಿನ ಮಾತು ನಮ್ಮಲ್ಲಿ ಹೆಚ್ಚಿಗೆ ಆಡಬೇಕಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಭರದಿಂದ ತಿರುಗುವ ಆಷಾಢದ ಗಾಳಿ ಜಗಳೂರು, ಚಳ್ಳಕೆರೆ ಕಡೆಯ ಒಣನೆಲದ ಮಣ್ಣನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ನಿಮ್ಮ ಊರಿನಲ್ಲಿ ಅದಕ್ಕೆ ಮಂಡಕ್ಕಿ ಭಟ್ಟಿಗಳ ಹೊಗೆಯೂ ಸೇರುತ್ತದೆ. ಆದರೆ ಎಲ್ಲ ಧೂಳೂ ಒಂದೇ ಅಲ್ಲ, ಎಲ್ಲಿ ಕುಳಿತಿದೆ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ. ಫ್ಲಾಟಿನಲ್ಲಿ ಧೂಳು ಉದ್ದಿನವಡೆಯಾಕಾರದ ಮಸುಕು ಉಂಗುರವಾಗಿ ಕಾಣುತ್ತದೆ. ನಡುವಿನ ತೂತು ನಿಮ್ಮ ದೂರದರ್ಶಕದ ಚಿಕ್ಕ ಕನ್ನಡಿಯ ನೆರಳು. ಈ ಉಂಗುರದ ವ್ಯಾಸವನ್ನು ಅಳೆದರೆ ಧೂಳು ಸಂವೇದಕದಿಂದ ಎಷ್ಟು ದೂರದಲ್ಲಿದೆಯೆಂದು ಹೇಳಬಹುದು, ಏಕೆಂದರೆ ಉಂಗುರದ ವ್ಯಾಸವನ್ನು ದೂರದರ್ಶಕದ ಎಫ್ ಸಂಖ್ಯೆಯಿಂದ (ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದ ಅಂಕಿ, ನಿಮ್ಮದರಲ್ಲಿ ಹತ್ತು) ಗುಣಿಸಿದರೆ ಬರುವುದೇ ಆ ದೂರ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನಿನದು ಎಂದಿಟ್ಟುಕೊಳ್ಳೋಣ. ಉಂಗುರ 200 ಪಿಕ್ಸೆಲ್ ಅಗಲವಿದ್ದರೆ ಅದು 0.75 ಮಿಲಿಮೀಟರ್, ಹತ್ತರಿಂದ ಗುಣಿಸಿದರೆ ಏಳೂವರೆ ಮಿಲಿಮೀಟರ್. ಅಂದರೆ ಧೂಳು ಸಂವೇದಕದ ಮುಂದಿನ ಗಾಜಿನ ಕಿಟಕಿಯ ಮೇಲಿದೆ. ಉಂಗುರ 800 ಪಿಕ್ಸೆಲ್ ಅಗಲವಿದ್ದರೆ ಮೂರು ಸೆಂಟಿಮೀಟರ್ ದೂರ, ಸಾಮಾನ್ಯವಾಗಿ ಅದು ಫಿಲ್ಟರಿನ ಜಾಗ. ಫಿಲ್ಟರ್ ಬದಲಿಸಿದಾಗ ಉಂಗುರವೂ ಮಾಯವಾದರೆ ಲೆಕ್ಕ ಸರಿಯೆಂದು ಖಾತ್ರಿಯಾಗುತ್ತದೆ. ದೂರದರ್ಶಕದ ಬಾಯಲ್ಲಿರುವ ದೊಡ್ಡ ಗಾಜಿನ ಮೇಲಿನ ಧೂಳು ಉಂಗುರವನ್ನೇ ಮಾಡುವುದಿಲ್ಲ. ಅದು ಇಡೀ ಚಿತ್ರದ ಬೆಳಕನ್ನು ತುಸು ಮಂಕಾಗಿಸುತ್ತದೆ, ಅಷ್ಟೆ.

ಆದ್ದರಿಂದ ಆ ದೊಡ್ಡ ಗಾಜು ಕೊಳೆಯಾಗಿದೆಯೆಂದು ದಿನವೂ ಒರೆಸಲು ಹೋಗಬೇಡಿ. ವಿದ್ಯಾರ್ಥಿಗಳ ಉತ್ಸಾಹಕ್ಕೆ ಮೊದಲು ಬಲಿಯಾಗುವುದು ಆ ಗಾಜಿನ ಲೇಪವೇ. ಒಣ ಬಟ್ಟೆಯಿಂದ ಉಜ್ಜಿದರೆ ಮರಳಿನ ಕಣವೇ ಗೀರು ಹಾಕುತ್ತದೆ. ಕೈಯಿಂದ ಒತ್ತುವ ಗಾಳಿಯ ಬಲ್ಬಿನಿಂದ ಊದಿದರೆ ಬಹುಪಾಲು ಸಾಕು, ಬಾಯಿಂದ ಮಾತ್ರ ಊದಬಾರದು.

ಫ್ಲಾಟನ್ನು ಪರೀಕ್ಷೆಗೆ ಬಳಸುವ ಸುಲಭ ವಿಧಾನವೆಂದರೆ ಇಂದಿನ ಫ್ಲಾಟನ್ನು ಕಳೆದ ವಾರದ ಫ್ಲಾಟಿನಿಂದ ಭಾಗಿಸುವುದು. ಎಲ್ಲವೂ ಮೊದಲಿನಂತಿದ್ದರೆ ಫಲಿತಾಂಶ ಎಲ್ಲೆಡೆ ಒಂದಕ್ಕೆ ಸಮನಾದ ಸಪಾಟು ಚಿತ್ರ. ಹೊಸ ಧೂಳು ಬಂದಿದ್ದರೆ ಅದು ಕಪ್ಪು ಉಂಗುರವಾಗಿಯೂ, ಹಳೆಯದು ಎದ್ದುಹೋಗಿದ್ದರೆ ಬಿಳಿ ಉಂಗುರವಾಗಿಯೂ ಎದ್ದು ಕಾಣುತ್ತದೆ. ಫಿಲ್ಟರ್ ತುಸು ಸರಿದು ನಿಂತಿದ್ದರೆ ಅದರ ಮೇಲಿನ ಧೂಳಿನ ಪ್ರತಿ ಉಂಗುರವೂ ಕಪ್ಪುಬಿಳುಪಿನ ಜೋಡಿಯಾಗಿ ಒಂದೇ ದಿಕ್ಕಿಗೆ ಸರಿದಂತೆ ಕಾಣುತ್ತದೆ. 16 ಬಿಟ್ಟಿನ ಕ್ಯಾಮೆರಾದಲ್ಲಿ ಗರಿಷ್ಠ ಅಂಕಿ 65,535. ಅದರ ಅರ್ಧಕ್ಕೆ ತುಸು ಕೆಳಗೆ, ಮೂವತ್ತು ಸಾವಿರದ ಸುಮಾರಿಗೆ ಬೆಳಕು ಇರುವಂತೆ ಅವಧಿಯನ್ನು ಹೊಂದಿಸಿ. ಎಲ್‌ಇಡಿ ಫಲಕ ಬಳಸುವುದಾದರೆ ಅವಧಿ ಒಂದೆರಡು ಸೆಕೆಂಡಿಗಿಂತ ಕಡಿಮೆಯಾಗದಿರಲಿ, ಏಕೆಂದರೆ ಅಂಥ ದೀಪಗಳು ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತವೆ. ಸಿಮಾಸ್ ಕ್ಯಾಮೆರಾಗಳಲ್ಲಿ ಅತಿ ಕಿರು ಅವಧಿಯ ಬಯಸ್ ಯಾವಾಗಲೂ ನಂಬಿಕೆಗೆ ಅರ್ಹವಲ್ಲದ ಕಾರಣ, ಫ್ಲಾಟಿನಿಂದ ಕಳೆಯಲು ಫ್ಲಾಟಿನಷ್ಟೇ ಅವಧಿಯ ಡಾರ್ಕನ್ನು ಬಳಸುವುದು ಕ್ಷೇಮ; ಬಯಸ್ಸನ್ನು ಆರೋಗ್ಯದ ಸೂಚಕವಾಗಿ ಮಾತ್ರ ಇಟ್ಟುಕೊಳ್ಳಿ.

ಮುಂದೆಂದಾದರೂ ನೀವು ರೋಹಿತದರ್ಶಕ ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಸೇರಿಕೊಳ್ಳುತ್ತದೆ. ದೊಡ್ಡ ವೀಕ್ಷಣಾಲಯಗಳಲ್ಲಿ ಥೋರಿಯಂ-ಆರ್ಗಾನ್ ಅಥವಾ ಕಬ್ಬಿಣ-ಆರ್ಗಾನ್ ದೀಪಗಳ ರೇಖೆಗಳನ್ನು ಚಿತ್ರಿಸಿ, ಅವು ನಿನ್ನೆ ಬಿದ್ದ ಪಿಕ್ಸೆಲ್ಲಿನ ಮೇಲೆಯೇ ಇಂದೂ ಬೀಳುತ್ತವೆಯೇ, ನಿನ್ನೆಯಷ್ಟೇ ಸಪುರವಾಗಿವೆಯೇ ಎಂದು ದಿನವೂ ನೋಡುತ್ತಾರೆ. ಸಣ್ಣ ಉಪಕರಣಕ್ಕೆ ನಿಯಾನ್ ದೀಪ ಸಾಕು, ಅದರ 585.2 ಮತ್ತು 640.2 ನ್ಯಾನೋಮೀಟರಿನ ರೇಖೆಗಳನ್ನು ಗುರುತಿಸುವುದು ಸುಲಭ. ರೇಖೆ ಸರಿದರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ: ಒಂದು ಪಿಕ್ಸೆಲ್ಲಿಗೆ 0.1 ನ್ಯಾನೋಮೀಟರ್ ಬರುವ ಉಪಕರಣದಲ್ಲಿ, 600 ನ್ಯಾನೋಮೀಟರಿನ ಬಳಿ ಒಂದು ಪಿಕ್ಸೆಲ್ ಎಂದರೆ ಸೆಕೆಂಡಿಗೆ 50 ಕಿಲೋಮೀಟರ್ ವೇಗ. ಉಪಕರಣ ಶಾಖಕ್ಕೋ ಭಾರಕ್ಕೋ ಬಾಗಿ ರೇಖೆ ಪಿಕ್ಸೆಲ್ಲಿನ ಹತ್ತನೇ ಒಂದು ಪಾಲು ಸರಿದರೂ ನಕ್ಷತ್ರಕ್ಕೆ ಇಲ್ಲದ ಐದು ಕಿಲೋಮೀಟರ್ ವೇಗವನ್ನು ನೀವು ಕೊಟ್ಟಂತಾಯಿತು. ಇದಕ್ಕೆ ಪ್ರಕೃತಿಯೇ ಒದಗಿಸಿರುವ ಒಂದು ದೀಪವಿದೆ, ಅದನ್ನು ಆರಿಸಲೂ ಆಗದು: ನಮ್ಮ ವಾತಾವರಣದ ಆಮ್ಲಜನಕ ರಾತ್ರಿಯಿಡೀ 557.7 ನ್ಯಾನೋಮೀಟರಿನಲ್ಲಿ ಮಂದವಾಗಿ ಹೊಳೆಯುತ್ತಿರುತ್ತದೆ. ದೀರ್ಘ ಅವಧಿಯ ರೋಹಿತದಲ್ಲಿ ನಕ್ಷತ್ರದ ಪಕ್ಕದಲ್ಲೇ ಈ ರೇಖೆ ಬರುವುದರಿಂದ, ಸಂಜೆಯ ದೀಪ ಹೇಳಿದ್ದು ಮಧ್ಯರಾತ್ರಿಗೂ ಸರಿಯಾಗಿತ್ತೇ ಎಂದು ತಾಳೆ ನೋಡಬಹುದು.

ಗಡಿಯಾರದ ಪರೀಕ್ಷೆಯನ್ನು ಬಹಳ ಮಂದಿ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಮಂಕು ನಕ್ಷತ್ರವೊಂದನ್ನು ಮರೆಮಾಡುವ ಘಟನೆಯನ್ನು ತಮಿಳುನಾಡಿನ ಕಾವಲೂರಿನಲ್ಲಿರುವ ಒಂದು ಮೀಟರಿನ ದೂರದರ್ಶಕದಿಂದಲೂ ವೀಕ್ಷಿಸಲಾಯಿತು. ಗ್ರಹ ಅಡ್ಡ ಬರುವ ಮುನ್ನವೇ ನಕ್ಷತ್ರದ ಬೆಳಕು ಕೆಲ ಕ್ಷಣ ಕುಗ್ಗಿದ್ದನ್ನು ಬೇರೆ ಬೇರೆ ಕಡೆಯ ವೀಕ್ಷಕರು ದಾಖಲಿಸಿ, ಯುರೇನಸ್ಸಿಗೆ ಉಂಗುರಗಳಿವೆಯೆಂಬುದು ಬೆಳಕಿಗೆ ಬಂತು. ದೂರದೂರದ ವೀಕ್ಷಣಾಲಯಗಳ ದಾಖಲೆಗಳನ್ನು ಕೂಡಿಸಿ ನೋಡುವಾಗ ಪ್ರತಿ ಕುಸಿತದ ಹೊತ್ತು ನಿಖರವಾಗಿ ತಿಳಿದಿರಬೇಕು. ನಿಮ್ಮ ಕಂಪ್ಯೂಟರಿನ ಗಡಿಯಾರ ಅಂತರ್ಜಾಲ ಸಂಪರ್ಕವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹಲವು ಸೆಕೆಂಡು ಹಿಂದೆಮುಂದೆ ಆಗಬಹುದು. ಸಂಜೆ ಒಮ್ಮೆ ಅದನ್ನು ಹೊಂದಿಸಿಕೊಂಡು, ವ್ಯತ್ಯಾಸ ಎಷ್ಟಿತ್ತೆಂದು ಬರೆದಿಡಿ. ಚಿತ್ರದ ಜೊತೆಗೆ ದಾಖಲಾಗುವ ಹೊತ್ತು ಚಿತ್ರ ಆರಂಭವಾದ ಹೊತ್ತೋ, ಕಡತ ಉಳಿಸಿದ ಹೊತ್ತೋ ಎಂಬುದನ್ನು ಒಂದು ಸಲ ಖಚಿತಪಡಿಸಿಕೊಂಡರೆ ಮತ್ತೆ ಚಿಂತೆಯಿಲ್ಲ.

ಇಷ್ಟರಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿ ಹೇಳುವುದಾದರೆ, ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಕ್ಯಾಮೆರಾವನ್ನು ಚಾಲೂ ಮಾಡಿ, ನಿಗದಿತ ಉಷ್ಣತೆ ತಲುಪಿದ ಮೇಲೆ ಹದಿನೈದು ನಿಮಿಷ ಸುಮ್ಮನೆ ಬಿಡಿ. ಇಲೆಕ್ಟ್ರಾನಿಕ್ಸ್ ಬಿಸಿಯೇರಿ ಸ್ಥಿರವಾಗಲು ಅಷ್ಟು ಬೇಕು. ಆಮೇಲೆ ಎರಡು ಬಯಸ್, ಒಂದು ಮುನ್ನೂರು ಸೆಕೆಂಡಿನ ಡಾರ್ಕ್, ಆ ರಾತ್ರಿ ಬಳಸಲಿರುವ ಫಿಲ್ಟರಿನಲ್ಲಿ ಹದಿನಾರು ಫ್ಲಾಟ್ ತೆಗೆಯಿರಿ. ಗೇನ್, ಆಫ್‌ಸೆಟ್ (ಬಯಸ್‌ಗೆ ಸೇರಿಸುವ ಆ ನಿಗದಿತ ಮೊತ್ತವನ್ನು ಹೊಂದಿಸುವ ಅಂಕಿ), ಉಷ್ಣತೆ, ಫಿಲ್ಟರಿನ ಹೆಸರು, ಹೊತ್ತು ಇವೆಲ್ಲ ಚಿತ್ರದ ಕಡತದ ತಲೆಭಾಗದಲ್ಲಿ ಸರಿಯಾಗಿ ದಾಖಲಾಗಿವೆಯೇ ಎಂದು ಮೊದಲ ಚಿತ್ರದಲ್ಲೇ ಓದಿ ನೋಡಿ. ಸಣ್ಣ ವೀಕ್ಷಣಾಲಯಗಳಲ್ಲಿ ನಷ್ಟವಾಗುವ ರಾತ್ರಿಗಳಲ್ಲಿ ಹೆಚ್ಚಿನವು ಇಲ್ಲಿಯೇ ನಷ್ಟವಾಗುತ್ತವೆ ಎಂಬುದು ನನ್ನ ಅನಿಸಿಕೆ. ಬೆಳಕಿಗೆ ತಕ್ಕಂತೆ ಅಂಕಿ ಸಮಪ್ರಮಾಣದಲ್ಲಿ ಏರುತ್ತದೆಯೇ ಎಂಬ ಪರೀಕ್ಷೆಯನ್ನು, ಅಂದರೆ ಸ್ಥಿರವಾದ ದೀಪದ ಮುಂದೆ 1, 2, 4, 8 ಸೆಕೆಂಡುಗಳ ಚಿತ್ರ ತೆಗೆದು ನೋಡುವುದನ್ನು, ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಬಂದ ಅಂಕಿಗಳನ್ನು ಒಂದು ರಿಜಿಸ್ಟರಿನಲ್ಲಿ, ಕೈಬರಹದಲ್ಲಿ, ತಾರೀಖಿನ ಎದುರು ಬರೆಸಿ: ಬಯಸ್ಸಿನ ಸರಾಸರಿ, ಓದುವಿಕೆಯ ಗದ್ದಲ, ಡಾರ್ಕಿನ ಸರಾಸರಿ, ಘಟಕ ಬಳಸಿದ ಶಕ್ತಿಯ ಶೇಕಡಾವಾರು, ಹೊರಗಿನ ಉಷ್ಣತೆ, ಬರೆದವರ ಹೆಸರು. ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ತಯಾರಕರ ಕೈಪಿಡಿಯಿಂದ ತೆಗೆದುಕೊಳ್ಳಬೇಡಿ. ಮೊದಲ ಒಂದು ತಿಂಗಳ ನಿಮ್ಮದೇ ಅಂಕಿಗಳ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಲೆಕ್ಕ ಹಾಕಿ, ಸರಾಸರಿಯ ಎರಡೂ ಬದಿಗೆ ಮೂರು ವಿಚಲನೆಗಳಷ್ಟು ದೂರದಲ್ಲಿ ಗೆರೆ ಎಳೆಯಿರಿ. ಗ್ರಾಫ್ ಹಾಳೆಯೊಂದನ್ನು ಗೋಡೆಗೆ ಅಂಟಿಸಿ ದಿನಕ್ಕೊಂದು ಚುಕ್ಕೆ ಇಡಿಸಿದರೆ, ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹುಗಿದಿಡುವುದಕ್ಕಿಂತ ಹೆಚ್ಚು ಪ್ರಯೋಜನವಿದೆ. ಗೆರೆ ದಾಟಿದ ಚುಕ್ಕೆಯನ್ನು ಯಾರು ಬೇಕಾದರೂ ಗಮನಿಸುತ್ತಾರೆ. ಗೆರೆಯೊಳಗೇ ಇದ್ದು ಏಳೆಂಟು ದಿನ ಒಂದೇ ಸಮನೆ ಏರುತ್ತಿರುವ ಚುಕ್ಕೆಗಳನ್ನು ಗುರುತಿಸುವುದಕ್ಕೆ ಕಣ್ಣು ಪಳಗಬೇಕು. ಘಟಕದ ಶಕ್ತಿಯ ಅಂಕಿ ಹೀಗೆ ನಿಧಾನಕ್ಕೆ ಏರುತ್ತ ಬಂದು, ಹೊರಗಿನ ಉಷ್ಣತೆ ಮಾತ್ರ ಅಷ್ಟೇ ಇದ್ದರೆ, ಕ್ಯಾಮೆರಾದ ಹಿಂಬದಿಯ ಫ್ಯಾನಿನಲ್ಲಿ ಧೂಳು ತುಂಬಿದೆಯೆಂದೇ ಮೊದಲು ಅನುಮಾನಿಸಿ.

ಅಂಕಿ ಗೆರೆ ದಾಟಿದ ದಿನ ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದಿಡಿ. ಯಾವುದನ್ನೂ ಮುಟ್ಟದೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಮತ್ತೆ ಹಾಗೆಯೇ ಬಂದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು: ಕೇಬಲ್, ಆಮೇಲೆ ಅಡಾಪ್ಟರ್, ಆಮೇಲೆ ತಂತ್ರಾಂಶದ ಮರುಚಾಲನೆ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಜೋಡಿಸಿದಾಗ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ, ಮುಂದಿನ ವಾರ ಅದು ಮತ್ತೆ ಬರುತ್ತದೆ. ಕತ್ತಲಾಗುವುದರೊಳಗೆ ಸರಿಹೋಗದಿದ್ದರೆ ವೀಕ್ಷಣೆಯನ್ನು ನಿಲ್ಲಿಸಬೇಕೆಂದೇನೂ ಇಲ್ಲ; ಅಂದಿನ ಚಿತ್ರಗಳ ಎದುರು ಕೆಂಪು ಶಾಯಿಯಲ್ಲಿ ಕಾರಣ ಬರೆದು ಮುಂದುವರಿಯಿರಿ. ಗ್ರಹಣವೋ, ಗ್ರಹವೊಂದು ನಕ್ಷತ್ರದ ಮುಂದೆ ಹಾಯುವ ಸಂಕ್ರಮಣವೋ ಇರುವ ರಾತ್ರಿ ಮತ್ತೆ ಬರುವುದಿಲ್ಲ, ದೋಷ ತಿಳಿದಿರುವ ದತ್ತಾಂಶವನ್ನು ಆಮೇಲೆ ತಿದ್ದಿಕೊಳ್ಳಲು ಹಲವು ಸಲ ದಾರಿಯಿರುತ್ತದೆ.

ವಿದ್ಯಾರ್ಥಿಗಳ ಬೇಸರದ ಬಗ್ಗೆ ಹೇಳುವುದಾದರೆ, ಒಬ್ಬರಿಗೇ ತಿಂಗಳುಗಟ್ಟಲೆ ಈ ಕೆಲಸ ವಹಿಸಬೇಡಿ. ವಾರಕ್ಕೊಬ್ಬರಂತೆ ಸರದಿ ಹಾಕಿ, ಆದರೆ ವಿಧಾನವನ್ನು ಮಾತ್ರ ಯಾರೂ ತಮಗೆ ತೋಚಿದಂತೆ ಬದಲಿಸಕೂಡದು. ಒಬ್ಬ ಸಂಜೆ ಆರಕ್ಕೆ, ಇನ್ನೊಬ್ಬ ರಾತ್ರಿ ಒಂಬತ್ತಕ್ಕೆ ತೆಗೆದ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಯಾರಿಗೂ ಹೇಳದೆ ಒಂದು ದಿನ ನೀವೇ ಗೇನ್ ಅನ್ನು ಸ್ವಲ್ಪ ಬದಲಿಸಿಟ್ಟು, ಅಂದಿನ ಸರದಿಯವರು ಅದನ್ನು ಪತ್ತೆಹಚ್ಚುತ್ತಾರೋ ಇಲ್ಲವೋ ನೋಡಿ. ಹಚ್ಚಿದರೆ ಆ ಹುಡುಗನಿಗೋ ಹುಡುಗಿಗೋ ಕಾಲಹರಣದ ದೂರು ಮತ್ತೆ ಹೇಳಲು ಮನಸ್ಸು ಬಾರದು.

ಮಳೆಗಾಲದಲ್ಲಿ ವಾರಗಟ್ಟಲೆ ಆಕಾಶ ತೆರೆಯದಿದ್ದಾಗಲೂ ವಾರಕ್ಕೊಂದು ಸಲ ಕ್ಯಾಮೆರಾವನ್ನು ಒಳಗೆ ಮೇಜಿನ ಮೇಲಿಟ್ಟು ಬಯಸ್ ಮತ್ತು ಡಾರ್ಕ್ ತೆಗೆಯಿರಿ. ತೇವದ ಗಾಳಿಯಲ್ಲಿ ಸಂವೇದಕದ ಮುಂದಿನ ಗಾಜಿನ ಒಳಬದಿಗೆ ಇಬ್ಬನಿ ಕಟ್ಟುವುದು ಆ ದಿನಗಳಲ್ಲೇ. ತಂಪುಗೊಳಿಸಿದ ಹತ್ತು ನಿಮಿಷಕ್ಕೆ ಗಾಜಿನ ಮಧ್ಯೆ ಮಸುಕು ಕಲೆ ಕಂಡರೆ ಕೂಡಲೇ ತಂಪುಗೊಳಿಸುವುದನ್ನು ನಿಲ್ಲಿಸಿ, ಕ್ಯಾಮೆರಾದ ತೇವಹೀರುವ ಗುಳಿಗೆಗಳನ್ನು ಹೊರತೆಗೆದು ಒಣಗಿಸಬೇಕು. ಸಿಲಿಕಾ ಜೆಲ್‌ನ ಹರಳುಗಳು ನೀಲಿಯಿಂದ ನಸುಗೆಂಪಿಗೆ ತಿರುಗಿದ್ದರೆ ಅವನ್ನು ಒಣಗಿಸುವ ಕಾಲ ಬಂದಿದೆ. ಕ್ಯಾಮೆರಾ ಇಟ್ಟ ಪೆಟ್ಟಿಗೆಯಲ್ಲೂ ಅಂಥದೇ ಹರಳುಗಳ ಒಂದು ಪೊಟ್ಟಣ ಇರಲಿ, ಅದನ್ನು ಬದಲಿಸಿದ ತಾರೀಖೂ ಅದೇ ರಿಜಿಸ್ಟರಿನಲ್ಲಿರಲಿ.